ಕಿವಿ ಚಾಪೆಯಲ್ಲಿ ಆರು ವರ್ಷ

ಆರ್‌ಪಿಸಿ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಒಂದೇ ಕುರ್ಚಿ ಇತ್ತು, ಅದು ಅಪ್ಪನದು. ಉಳಿದವರಿಗೆಲ್ಲ ಚಾಪೆ. ಸಂಜೆ ಐದಕ್ಕೆ ಅಮ್ಮ ನಡುಮನೆಯಲ್ಲಿ ಮೂರು ಚಾಪೆ ಹಾಸುತ್ತಿದ್ದಳು. ಒಂದು ಕಿಟಕಿಯ ಕೆಳಗೆ, ಕಪ್ಪು ಬಣ್ಣ ಬಳಿದ ಗೋಡೆಗೆ ಎದುರಾಗಿ. ಇನ್ನೊಂದು ಅಡುಗೆಮನೆಯ ಹೊಸಿಲಿನ ಪಕ್ಕ, ಕಪ್ಪು ಗೋಡೆಗೆ ಬೆನ್ನು ಮಾಡಿ. ಮೂರನೆಯದು ಹಿತ್ತಲ ಬಾಗಿಲ ಬಳಿ. ಕಿಟಕಿಯದು ಕಣ್ಣು ಚಾಪೆ, ಹೊಸಿಲಿನದು ಕಿವಿ ಚಾಪೆ, ಹಿತ್ತಲಿನದು ಕೈ ಚಾಪೆ. ಹೆಸರಿಟ್ಟವಳು ಅಮ್ಮನೇ. ಅವಳು ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಆದರೆ ಶಾಲೆಯಲ್ಲಿ ಕೆಲಸಕ್ಕೆ ಸೇರುವ ಮೊದಲೇ ಮದುವೆಯಾಗಿ, ದಾವಣಗೆರೆ ಕಡೆಯಿಂದ ಬೆಂಗಳೂರಿಗೆ ಬಂದು, ಬೀದಿಯ ಹತ್ತು ಹನ್ನೆರಡು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಮಕ್ಕಳು ಅವಳನ್ನು ಮಿಸ್ ಎನ್ನುತ್ತಿದ್ದರು. ಐದರಿಂದ ಏಳರವರೆಗೆ ನಾನೂ ಮಿಸ್ ಎನ್ನಬೇಕಿತ್ತು. ಏಳಕ್ಕೆ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದ ಮೇಲೆ ಮತ್ತೆ ಅಮ್ಮ.

ಪ್ರತಿ ಚಾಪೆಗೂ ಬೇರೆ ನಿಯಮ. ಕಣ್ಣು ಚಾಪೆಯವರಿಗೆ ಅಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ, ಗೋಡೆಯ ಮೇಲೆ ಚಿತ್ರ ಬರೆದು, ಬಾಣ ಹಾಕಿ, ಎರಡು ಬಣ್ಣದ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿ ಬಿಟ್ಟುಬಿಡುತ್ತಿದ್ದಳು. ಕೈ ಚಾಪೆಯಲ್ಲಿ ಒಂದು ಡಬ್ಬ ಹುಣಸೆಬೀಜ, ಪೊರಕೆ ಕಡ್ಡಿಯ ಕಟ್ಟು, ಅಳತೆಗೆ ಪಾವು, ಸೇರು, ಒಂದು ಟೇಪು. ಭಿನ್ನರಾಶಿ ಕಲಿಯಲು ಆ ಚಾಪೆಯವರು ರೊಟ್ಟಿ ಹರಿಯುತ್ತಿದ್ದರು, ಸುತ್ತಳತೆ ಕಲಿಯಲು ಹಿತ್ತಲಿನ ತೊಟ್ಟಿಗೆ ದಾರ ಸುತ್ತುತ್ತಿದ್ದರು. ಕಿವಿ ಚಾಪೆಯವರಿಗೆ ಅಡುಗೆಮನೆಯೇ ಕಪ್ಪು ಗೋಡೆ. ಅಮ್ಮ ಹೊಸಿಲಿನ ಒಳಗೆ ಸೀಮೆಎಣ್ಣೆ ಸ್ಟವ್ ಮುಂದೆ ಕೂತು ಜೋಳದ ರೊಟ್ಟಿ ತಟ್ಟುತ್ತಾ ಪ್ರಶ್ನೆ ಹಾಕುತ್ತಿದ್ದಳು. ನಾವು ಕೇಳಿಸಿಕೊಂಡು, ತಲೆಯಲ್ಲೇ ಮಾಡಿ, ತಟ್ಟನೆ ಉತ್ತರ ಹೇಳಬೇಕು. ಒಂದು ಪ್ರಶ್ನೆಗೆ ಒಂದೇ ಉತ್ತರ, ಎರಡನೇ ಅವಕಾಶ ಇಲ್ಲ. ಬಳಪ, ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಕಿವಿಯಿಂದ ಕಲಿಯುವವರ ಕೈಗೆ ಬಳಪ ಕೊಟ್ಟರೆ ಕಿವಿ ಮುಚ್ಚಿಹೋಗುತ್ತದೆ ಎಂಬುದು ಅವಳ ಖಚಿತ ನಂಬಿಕೆ. ಇದೆಲ್ಲ ಅವಳು ಯಾವ ಪುಸ್ತಕದಲ್ಲಿ ಓದಿದ್ದಳೋ, ಸ್ವಂತ ಕಂಡುಕೊಂಡಿದ್ದಳೋ ನನಗೆ ತಿಳಿಯದು. ಕೇಳಬೇಕಾದ ವಯಸ್ಸಿನಲ್ಲಿ ಕೇಳಲಿಲ್ಲ.

ಹೊಸ ಮಗು ಯಾವ ಚಾಪೆಗೆ ಎಂದು ತೀರ್ಮಾನಿಸಲು ಗಿರಣಿ ಪರೀಕ್ಷೆ ಇತ್ತು. ಮೊದಲ ದಿನವೇ ಅಮ್ಮ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಹೀಗೆ ಹೇಳುತ್ತಿದ್ದಳು:

"ಗೇಟಿಂದ ಎಡಕ್ಕೆ ಹೋಗು. ಮೂರನೇ ಅಡ್ಡರಸ್ತೆಲಿ ಬಲಕ್ಕೆ ತಿರುಗು. ಹೊಂಗೆ ಮರ ದಾಟಿದ್ಮೇಲೆ ನೀಲಿ ಬಾಗಿಲು, ಹಿಟ್ಟಿನ ಗಿರಣಿ. ಗಿರಿಜಮ್ಮನ ಜೋಳ ಬೀಸಾಯ್ತಾ ಅಂತ ಕೇಳ್ಕೊಂಡು ಬಾ."

ಕೆಲವರು ಅಷ್ಟನ್ನೂ ಬಾಯಲ್ಲಿ ಗುಣುಗುಣು ಅನ್ನುತ್ತಾ ಹೊರಡುತ್ತಿದ್ದರು. ಅವರು ಕಿವಿ. ಕೆಲವರು ಕಣ್ಣು ಮೇಲೆ ಮಾಡಿ, ರಸ್ತೆಯೇ ಸೂರಿನಲ್ಲಿ ಕಾಣುತ್ತಿರುವವರ ಹಾಗೆ ನಿಲ್ಲುತ್ತಿದ್ದರು. ಅವರು ಕಣ್ಣು. ಕೆಲವರು ಎಡಕ್ಕೆ ಎಂದಾಗ ನಿಂತಲ್ಲೇ ಎಡಕ್ಕೆ ತಿರುಗಿ, ಬಲಕ್ಕೆ ಎಂದಾಗ ಬಲಗೈ ಆಡಿಸಿ, ಮಾತು ಮುಗಿಯುವ ಮೊದಲೇ ಗೇಟಿನ ಹತ್ತಿರ ಇರುತ್ತಿದ್ದರು. ಅವರು ಕೈ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಂಜುಳಾ ಬಂದಳು. ಊರು ಹೆಗ್ಗನಹಳ್ಳಿ. ಅವರ ಹೊಲಗಳು ಅದಾಗಲೇ ಸೈಟುಗಳಾಗತೊಡಗಿದ್ದವು, ಆದರೆ ಮನೆಯಲ್ಲಿ ಇನ್ನೂ ಎಮ್ಮೆ ಇದ್ದವು. ಓದಿಗೆಂದು ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ನನ್ನದೇ ಶಾಲೆ, ನನ್ನದೇ ಕ್ಲಾಸು. ಚಿಕ್ಕಮ್ಮ ಅವಳ ಜಡೆ ಹಿಡಿದುಕೊಂಡೇ ನಮ್ಮ ಮನೆಗೆ ಕರೆತಂದಿದ್ದರು.

"ದಡ್ಡಿ ಅಂತ ಸ್ಕೂಲಲ್ಲಿ ಬರೆದುಕೊಟ್ಟಿಲ್ಲ ಅಷ್ಟೆ ಮಿಸ್, ಬಾಯಲ್ಲಿ ಎಲ್ಲಾರೂ ಹೇಳ್ತಾರೆ."

"ದಡ್ಡಿ ಅಂತ ಮಕ್ಕಳೇ ಇಲ್ಲಮ್ಮ," ಅಂದಳು ಅಮ್ಮ. "ತಪ್ಪು ಚಾಪೆಲಿ ಕೂರ್ಸಿರ್ತಾರೆ."

ಗಿರಣಿಗೆ ಕಳಿಸಿದರೆ ಮಂಜುಳಾ ಮೊದಲ ವಾಕ್ಯಕ್ಕೇ ಓಡಿದಳು. ಕಾಲು ಗಂಟೆ ಬಿಟ್ಟು ತಲೆಯ ಮೇಲೆ ತಗಡಿನ ಡಬ್ಬ ಹೊತ್ತು ಬಂದಳು.

"ಏನೇ ಇದು?"

"ಇಟ್ಟು ಮಿಸ್. ಬೀಸಾಗಿತ್ತು, ತಂದ್ಬುಟ್ಟೆ."

"ಇದು ನಮ್ಮ ಡಬ್ಬ ಅಲ್ವಲ್ಲೇ. ರಾಗಿ ಹಿಟ್ಟು ಇದು!"

"ರಾಗೀನೇ ಮಿಸ್. ಜೋಳ ಎಂಗಿರ್ತದೆ ಅಂತ ನಂಗೇನು ಗೊತ್ತು?"

ಅಮ್ಮ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಮಂಜುಳಾ ಡಬ್ಬವನ್ನು ವಾಪಸು ಕೊಟ್ಟು ಬಂದು ಕೈ ಚಾಪೆಯಲ್ಲಿ ಕೂತಳು. ಮೂರು ತಿಂಗಳಲ್ಲಿ ಹುಣಸೆಬೀಜ ಹಿಡಿದು ಭಾಗಾಕಾರ ಮಾಡತೊಡಗಿದಳು. ಚಿಕ್ಕಮ್ಮ ಒಂದು ಸೌತೆಕಾಯಿ ಚೀಲ ತಂದುಕೊಟ್ಟು ಕೈಮುಗಿದು ಹೋದರು.

ಅಮ್ಮನಿಗೆ ಗೊತ್ತಿಲ್ಲದ ಒಂದು ಸಂಗತಿ ನಮಗೆಲ್ಲ ಗೊತ್ತಿತ್ತು. ಅವಳ ಲೆಕ್ಕದಲ್ಲಿ ಮೂರು ಚಾಪೆ ಸಮ. ನಮ್ಮ ಲೆಕ್ಕದಲ್ಲಿ ಅಲ್ಲ. ಕಿವಿ ಚಾಪೆಯವರು ಬುದ್ಧಿವಂತರು, ಏಕೆಂದರೆ ಏನೂ ಹಿಡಿಯದೆ ತಲೆಯಲ್ಲೇ ಮಾಡುತ್ತಾರೆ. ಕಣ್ಣು ಚಾಪೆಯವರು ಪರವಾಗಿಲ್ಲ. ಕೈ ಚಾಪೆಯವರು ಬೀಜ ಎಣಿಸುವ ದಡ್ಡರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಮೊದಲ ದಿನವೇ ಎಲ್ಲರಿಗೂ ಅರ್ಥವಾಗಿರುತ್ತಿತ್ತು. ಅದಕ್ಕೆ ಸರಿಯಾಗಿ ಮೊದಲ ಬಿಸಿ ರೊಟ್ಟಿಯೂ ಕಿವಿ ಚಾಪೆಗೇ ಬರುತ್ತಿತ್ತು. ಅಮ್ಮ ಭೇದ ಮಾಡುತ್ತಿದ್ದಳು ಎಂದಲ್ಲ, ಹಂಚಿನಿಂದ ತೆಗೆದದ್ದನ್ನು ಕೈಗೆ ಎಟುಕಿದವರಿಗೆ ಕೊಡುತ್ತಿದ್ದಳು. ಎಟುಕುತ್ತಿದ್ದವರು ನಾವು. ರೊಟ್ಟಿಯ ಕಾಲು ಭಾಗ, ಮೇಲೆ ಚಿಟಿಕೆ ಶೇಂಗಾ ಪುಡಿ. ಕೈ ಚಾಪೆಗೆ ಹೋಗುವ ಹೊತ್ತಿಗೆ ಅದು ಬಗ್ಗದಷ್ಟು ಗಟ್ಟಿಯಾಗಿರುತ್ತಿತ್ತು.

ನಾನು ಕಿವಿ ಚಾಪೆಯವಳು. ಹೊಸಿಲಿಗೆ ಅಂಟಿದ ಜಾಗ ನನ್ನದು. ಮನೆಯಲ್ಲಿ ಅಜ್ಜಿ, ಅಪ್ಪ, ತೊಟ್ಟಿಲಲ್ಲಿ ತಂಗಿ, ಮೇಲೆ ಹತ್ತು ಹನ್ನೆರಡು ಪರರ ಮಕ್ಕಳು. ಇಷ್ಟರ ನಡುವೆ ಅಮ್ಮ ನನ್ನ ಮುಖ ನೋಡಿ ನನ್ನೊಬ್ಬಳೊಡನೆ ಮಾತಾಡುತ್ತಿದ್ದದ್ದು ಆ ಎರಡು ಗಂಟೆ, ಆ ಜಾಗದಲ್ಲಿ ಮಾತ್ರ. ಅವಳ ಬಳೆ ರೊಟ್ಟಿಯ ಹಲಗೆಗೆ ತಾಗುವ ಸದ್ದು, ಸ್ಟವ್‌ನ ಬಿಸಿ ನನ್ನ ಮೊಣಕಾಲಿಗೆ ತಾಕುವುದು, ಪ್ರಶ್ನೆ ಹಾಕುವ ಮೊದಲು ಅವಳು ಒಮ್ಮೆ ನನ್ನ ಕಡೆ ಕಣ್ಣೆತ್ತುವುದು. ಇದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ.

ಏಕೆಂದರೆ ನಾನು ಕಿವಿ ಮಗು ಆಗಿರಲಿಲ್ಲ. ಗಿರಣಿ ಪರೀಕ್ಷೆಗೆ ನನ್ನನ್ನು ಯಾವತ್ತೂ ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದರೂ ಉಪಯೋಗ ಇರಲಿಲ್ಲ, ಸ್ವಂತ ಮನೆಯ ಮಗಳಿಗೆ ಗಿರಣಿಯ ದಾರಿ ನಡೆಯಲು ಬಂದಾಗಿನಿಂದ ಗೊತ್ತಿರುತ್ತದೆ. ಅಮ್ಮನ ತೀರ್ಮಾನಕ್ಕೆ ಆಧಾರ ಬೇರೆ ಇತ್ತು. ನನಗೆ ನಾಲ್ಕು ವರ್ಷವಿದ್ದಾಗ, ಶ್ರಾವಣದಲ್ಲಿ ಎದುರು ಮನೆಯವರು ವಚನ ಹೇಳುವ ಕೂಟ ಇಟ್ಟುಕೊಂಡಿದ್ದರು. ಅಜ್ಜಿ ನನ್ನನ್ನು ನಡುವೆ ನಿಲ್ಲಿಸಿದಳು. ನಾನು ಒಂದರ ಹಿಂದೆ ಒಂದು ಒಂಬತ್ತು ವಚನ ಹೇಳಿದೆನಂತೆ. ಹೆಂಗಸರು ನನ್ನ ಬಾಯಿಗೆ ಕಲ್ಲುಸಕ್ಕರೆ ಹಾಕಿದರು. ಅಮ್ಮ ಆ ದಿನದಿಂದ ಬಂದವರಿಗೆಲ್ಲ ಹೇಳುತ್ತಿದ್ದಳು, "ಒಂದ್ಸಲ ಕೇಳಿದ್ರೆ ಸಾಕು ಇವಳಿಗೆ." ಒಂದನೇ ಕ್ಲಾಸಿಗೆ ಸೇರಿದ ದಿನ ಸಂಜೆ ನಾನು ಕಿವಿ ಚಾಪೆಯಲ್ಲಿ ಕೂತೆ.

ಕೇಳಿದ್ದು ನನಗೆ ನಿಲ್ಲುತ್ತಿರಲಿಲ್ಲ. ಅಮ್ಮನ ಪ್ರಶ್ನೆಯ ಮೊದಲ ಅರ್ಧ ಎರಡನೇ ಅರ್ಧ ಬರುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಬೆರಳಿನಿಂದ ಎಲ್ಲಾದರೂ ಬರೆದರೆ ಮಾತ್ರ ಅದು ನಿಲ್ಲುತ್ತಿತ್ತು, ನಿಂತ ಮೇಲೆ ಅರ್ಥವೂ ಆಗುತ್ತಿತ್ತು. ಬಳಪ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೊಂದು ದಾರಿ ಕಂಡುಕೊಂಡೆ. ಹೊಸಿಲಿನ ಈಚೆ ಗೋಡೆಯ ಮರೆಯಲ್ಲಿ ಕುಡಿಯುವ ನೀರಿನ ಚೊಂಬು ಇರುತ್ತಿತ್ತು. ಬಲಗೈಯ ತೋರುಬೆರಳನ್ನು ಅದರಲ್ಲಿ ಅದ್ದಿ, ಅಮ್ಮನಿಗೆ ಕಾಣದ ಹಾಗೆ ಕೆಂಪು ನೆಲದ ಮೇಲೆ ಬರೆಯುತ್ತಿದ್ದೆ. ಎರಡು ಅಂಕಿ, ಕೂಡು, ಉತ್ತರ. ಹೇಳುವಷ್ಟರಲ್ಲಿ ನೀರು ಆರಿ ನೆಲ ಮೊದಲಿನಂತೆ. ಸಣ್ಣ ಲೆಕ್ಕಗಳ ಕಾಲದಲ್ಲಿ, ಅಂದರೆ ಐದನೇ ಕ್ಲಾಸಿನವರೆಗೆ, ಇದು ಚೆನ್ನಾಗಿ ನಡೆಯಿತು. ಆರನೆಯದರಲ್ಲಿ ತೊಡಕಾಯಿತು. ಏಳನೆಯದರಲ್ಲಿ ನಿಂತೇಹೋಯಿತು. ಲೆಕ್ಕಗಳು ಉದ್ದವಾದವು, ನೀರು ಆರುವ ವೇಗ ಮಾತ್ರ ಹಾಗೇ ಇತ್ತು. ಮೂರನೇ ಸಾಲು ಬರೆಯುವಾಗ ಮೊದಲ ಸಾಲು ಇರುತ್ತಿರಲಿಲ್ಲ.

ಶಾಲೆಯಲ್ಲಿ ಕಾಗದ, ಪೆನ್ನು ಎರಡೂ ಇದ್ದವಲ್ಲ ಎಂದು ಕೇಳಬಹುದು. ಇದ್ದವು. ಆದರೆ ಅಮ್ಮ ನಮಗೆ ಆರು ವರ್ಷ ಕಲಿಸಿದ್ದು ಒಂದೇ: ತಲೆಯಲ್ಲಿ ಮಾಡು, ಉತ್ತರ ಮಾತ್ರ ಹೇಳು. ಪರೀಕ್ಷೆಯಲ್ಲೂ ನಾನು ಉತ್ತರ ಮಾತ್ರ ಬರೆದೆ. ಹೆಜ್ಜೆಗಳನ್ನು ಬರೆಯುವುದು ಕೈ ಚಾಪೆಯವರ ಕೆಲಸ ಎಂಬ ಜಂಬವೂ ಇತ್ತು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ನನಗೆ ನೂರಕ್ಕೆ ಹದಿನಾಲ್ಕು ಬಂತು. ಮಂಜುಳಾಗೆ ಐವತ್ತೊಂದು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು, ಫೇಲಾದರೆ ಹೈಸ್ಕೂಲು ಇಲ್ಲ. ಹೆಡ್‌ಮಿಸ್ ಅಮ್ಮನನ್ನು ಕರೆಸಿ, ಹೀಗೇ ಆದರೆ ಇವಳು ಇನ್ನೊಂದು ವರ್ಷ ಇಲ್ಲೇ ಕೂರಬೇಕಾಗುತ್ತದೆ ಎಂದರು. ಬೀದಿಗೆ ಸುದ್ದಿ ಹರಡಲು ಒಂದು ದಿನ ಸಾಕಾಯಿತು. ಮಿಸ್ ಮಗಳೇ ಫೇಲು.

ಆ ರಾತ್ರಿಯ ಊಟದಲ್ಲಿ ಅಪ್ಪ, ಅಮ್ಮ ಜಗಳವಾಡಿದರು. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯಲ್ಲಿ ಮಾತು ಕಡಿಮೆ.

"ಬಿಡೇ ಗಿರಿಜಾ, ಅವಳಿಗೆ ಲೆಕ್ಕ ಹತ್ತಲ್ಲ. ಬೇರೆ ವಿಷಯ ಓದ್ಲಿ."

"ಹತ್ತಲ್ಲ ಅನ್ನೋ ಮಗು ಇಲ್ಲ ಕಣ್ರೀ. ಗಮನ ಕೊಡ್ತಿಲ್ಲ ಅಷ್ಟೆ."

"ಬೇರೆಯವ್ರ ಮಕ್ಕಳಿಗಾದ್ರೆ ಚಾಪೆ ತಪ್ಪು ಅಂತೀಯ. ನಮ್ಮ ಮಗೂಗೆ ಗಮನ ಇಲ್ಲ ಅಂತೀಯ."

ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಒಂಬತ್ತು ವಚನ ಹೇಳಿದ್ದು ನೀವು ಕೇಳಿಲ್ವಾ?" ಎಂದಳು. ಅಪ್ಪ ಮಜ್ಜಿಗೆ ಹಾಕಿಸಿಕೊಂಡರು. ನಾನು ಆಗ ಹೇಳಬಹುದಿತ್ತು. ನನ್ನ ಚಾಪೆ ಬದಲಿಸು ಎಂದರೆ ಬದಲಿಸುತ್ತಿದ್ದಳು. ಆದರೆ ಬದಲಿಸಿದರೆ ನಾನು ಹಿತ್ತಲ ಬಾಗಿಲಿಗೆ ಹೋಗಬೇಕು, ಹೊಸಿಲಿನ ಪಕ್ಕ ಇನ್ನೊಬ್ಬಳು ಕೂರುತ್ತಾಳೆ. ಹೈಸ್ಕೂಲು ತಪ್ಪಿದರೂ ಪರವಾಗಿಲ್ಲ, ಆ ಜಾಗ ತಪ್ಪಬಾರದು ಎಂದು ಹನ್ನೆರಡು ವರ್ಷದ ನಾನು ಲೆಕ್ಕ ಹಾಕಿದೆ. ತಲೆಯಲ್ಲೇ ಮಾಡಿದ ಲೆಕ್ಕವಾದ್ದರಿಂದಲೇ ತಪ್ಪಿರಬೇಕು.

ಅಮ್ಮ ಕಂಡುಕೊಂಡ ಪರಿಹಾರ ಎಂದರೆ ಇನ್ನಷ್ಟು ಕಿವಿ. ಬೆಳಗ್ಗೆ ಐದಕ್ಕೆ ಎಬ್ಬಿಸಿ, ಮುಖ ತೊಳೆಸಿ, ಅಜ್ಜಿ ಪೂಜೆಗೆ ಕೂರುವ ಮುಂಚೆ ಮಗ್ಗಿ ಹೇಳಿಸುತ್ತಿದ್ದಳು. ಹೂವು ಕಟ್ಟುವಾಗ ಪ್ರಶ್ನೆ, ನಲ್ಲಿಯ ಸರದಿಯಲ್ಲಿ ಪ್ರಶ್ನೆ. ನಾನು ಮಗ್ಗಿಯನ್ನು ಹಾಡಿನ ಹಾಗೆ ಹೇಳುತ್ತಿದ್ದೆ, ನಡುವೆ ನಿಲ್ಲಿಸಿ ಕೇಳಿದರೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಅವಳ ಸ್ವರ ದಿನೇ ದಿನೇ ಬಿಗಿಯಾಯಿತು. ಹೊಸಿಲಿನ ಆಚೆಯಿಂದ ನನ್ನ ಕಡೆ ಕಣ್ಣೆತ್ತುವುದು ಕಡಿಮೆಯಾಯಿತು. ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ನಡೆಸಿದ್ದೆನೋ ಅದೇ ಜಾರಿಹೋಗುತ್ತಿತ್ತು.

ಮಂಜುಳಾ ನನ್ನ ಒದ್ದೆ ಬೆರಳನ್ನು ಎಂದೋ ನೋಡಿದ್ದಳು. ಹಿತ್ತಲ ಬಾಗಿಲಿನಿಂದ ಗೋಡೆಯ ಮರೆ ಪೂರ್ತಿ ಕಾಣುತ್ತಿತ್ತು. ಒಂದು ದಿನ ಶಾಲೆಯಿಂದ ಬರುವಾಗ ಅಂದಳು:

"ನೆಲದ ಮ್ಯಾಲೆ ಅದೇನೇ ಬರೀತೀಯ ದಿನಾ?"

"ಏನಿಲ್ಲ."

"ಬರೀತೀಯ. ನಾನು ನೋಡೀವ್ನಿ. ನೀನೂ ನಮ್ಮ ಚಾಪೆಯೋಳೇ ಕಣೇ."

"ನಾನ್ಯಾಕೆ ದಡ್ಡರ ಚಾಪೆಗೆ ಬರ್ಲಿ?" ಅಂದೆ. "ಬೀಜ ಎಣ್ಸೋಳು ನೀನು."

ಅವಳು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಐವತ್ತೊಂದು," ಅಂದಳು. ನಾನು ಬರೆಯುವ ವಿಷಯವನ್ನು ಅಮ್ಮನಿಗೆ ಹೇಳಲಿಲ್ಲ.

ಪರೀಕ್ಷೆಗೆ ಎರಡು ತಿಂಗಳಿತ್ತು. ಒಂದು ಸಂಜೆ ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಅಜ್ಜಿ ನಡುಮನೆಯಲ್ಲಿ ನನ್ನ ಜಾಗದ ಪಕ್ಕದ ಗೋಡೆಯ ಬಳಿಯೇ ಪೇಪರ್ ಹಾಸಿಕೊಂಡು ಜೋಳದ ಹಿಟ್ಟು ಜರಡಿ ಹಿಡಿದಳು. ಹಿಡಿದು ಎದ್ದುಹೋದ ಮೇಲೆ ಪೇಪರಿನ ಅಂಚಿನಾಚೆ ನೆಲದ ಮೇಲೆ ತೆಳ್ಳಗೆ ಹಿಟ್ಟು ಕೂತಿತ್ತು. ಮಕ್ಕಳು ಬಂದರು, ಚಾಪೆ ಹಾಸಾಯಿತು, ಪಾಠ ಶುರುವಾಯಿತು. ಅಮ್ಮ ರೊಟ್ಟಿ ತಟ್ಟುತ್ತಾ ನನಗೆ ಪ್ರಶ್ನೆ ಹಾಕಿದಳು:

"ಒಂದು ಬಸ್ಸಲ್ಲಿ ನಲವತ್ತೆಂಟು ಜನ. ಹದಿನೇಳು ಬಸ್ಸಲ್ಲಿ ಎಷ್ಟು ಜನ? ಶೈಲಜಾ, ಬೇಗ."

ಬೆರಳು ತಾನಾಗಿ ನೆಲಕ್ಕೆ ಹೋಯಿತು. ಆ ದಿನ ನೀರು ಬೇಕಾಗಲಿಲ್ಲ. ನಲವತ್ತೆಂಟು ಏಳ್ಲ, ಮುನ್ನೂರ ಮೂವತ್ತಾರು. ಅದರ ಕೆಳಗೆ ನಾನೂರ ಎಂಬತ್ತು. ಅಷ್ಟರಲ್ಲಿ ಅಮ್ಮ "ಬೇಗ" ಎಂದು ಇನ್ನೊಮ್ಮೆ ಹೇಳಿದ್ದರಿಂದ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಏಳುನೂರ ಹದಿನಾರು."

"ತಪ್ಪು," ಎಂದಳು ಅಮ್ಮ. ಬೈಯಲಿಲ್ಲ. ಪಕ್ಕದವಳಿಗೆ ಬೇರೆ ಪ್ರಶ್ನೆ ಹಾಕಿದಳು. ನನ್ನ ಬೆರಳು ಮಾತ್ರ ನಿಲ್ಲದೆ ಗೆರೆ ಎಳೆದು ಕೂಡಿತು. ಎಂಟುನೂರ ಹದಿನಾರು. ಹಿಟ್ಟು ಆರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಆಗ ಗೇಟಿನ ಸದ್ದಾಯಿತು, ಯಾರದೋ ತಾಯಿ ಮಗುವನ್ನು ಬೇಗ ಕರೆದೊಯ್ಯಲು ಬಂದಿದ್ದರು. ಅಮ್ಮ ಕೈ ಒರೆಸಿಕೊಂಡು ಹೊಸಿಲು ದಾಟಿದವಳು ಅಲ್ಲೇ ನಿಂತಳು. ಕೆಂಪು ನೆಲದ ಮೇಲೆ ಬಿಳಿ ಹಿಟ್ಟಿನಲ್ಲಿ ಲೆಕ್ಕ ಪೂರ್ತಿ ಇತ್ತು. ಎರಡೂ ಸಾಲು, ಗೆರೆ, ಉತ್ತರ.

"ಇದು ಯಾರು ಮಾಡಿದ್ದು?"

"ಮಂಜುಳಾ," ಅಂದೆ.

ಈ ಒಂದು ಪದವನ್ನು ನಾನು ಅನೇಕ ಸಲ ವಿಚಾರಿಸಿ ನೋಡಿದ್ದೇನೆ. ಯೋಚಿಸಿ ಹೇಳಿದ್ದಲ್ಲ, ಆದರೆ ಬಾಯಿತಪ್ಪಿ ಬಂದದ್ದೂ ಅಲ್ಲ. ಚಾಪೆಯ ನಿಯಮ ಮುರಿದವಳು ಯಾರಾದರೂ ಇರಬೇಕಿತ್ತು, ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದವಳು ಅವಳು.

ಮಂಜುಳಾ ಎದ್ದು ನಿಂತಳು. ಅವಳ ಮುಷ್ಟಿಯಿಂದ ಬೀಜಗಳು ನೆಲಕ್ಕೆ ಉದುರಿದವು.

"ಸುಳ್ಳು ಮಿಸ್. ಇದು ನಂಗೆ ಬರಾದೇ ಇಲ್ಲ. ಬಂದಿದ್ರೆ ನಾನ್ಯಾಕೆ ದಡ್ಡರ ಚಾಪೆಲಿ ಇರ್ತಿದ್ದೆ?"

ಅಮ್ಮ ಮಂಜುಳಾಳನ್ನು ನೋಡಿದಳು.

"ಯಾವ ಚಾಪೆ ಅಂದೆ?"

"ದಡ್ಡರ ಚಾಪೆ ಮಿಸ್. ಎಲ್ರೂ ಅಂಗೇ ಅಂತಾರೆ."

ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಲ್ಲ ಎಂದು ಯಾರೂ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಕೈ ತೋರ್ಸು," ಎಂದಳು. ತೋರಿಸಿದೆ. ತೋರುಬೆರಳು ಮೊದಲ ಗೆಣ್ಣಿನವರೆಗೆ ಬೆಳ್ಳಗಿತ್ತು. ಅವಳು ಆ ಬೆರಳನ್ನು ಹಿಡಿದು ನೋಡಿದಳು. ಅವಳ ಕೈಯಲ್ಲೂ ಅದೇ ಹಿಟ್ಟಿತ್ತು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕೂಗು:

"ಏನವ್ವಾ ಗಿರಿಜಾ, ರೊಟ್ಟಿ ಸೀದು ಹೋತಲ್ಲ!"

ಅಮ್ಮ ರೊಟ್ಟಿ ಸೀಯಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವಳು ಹೋಗಿ ಸ್ಟವ್ ಆರಿಸಿದಳು, ಮಕ್ಕಳನ್ನು ಆರೂವರೆಗೇ ಕಳಿಸಿದಳು. ಮಂಜುಳಾ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಚಾಪೆಗಳು ಹಾಗೇ ಹಾಸಿದ್ದವು. ಅಮ್ಮ ಕೈ ಚಾಪೆಯ ಮೇಲೆ ಹೋಗಿ ಕೂತು, ಚೆಲ್ಲಿದ ಹುಣಸೆಬೀಜಗಳನ್ನು ಡಬ್ಬಕ್ಕೆ ತುಂಬತೊಡಗಿದಳು. ಅಜ್ಜಿ ಹೊಸಿಲಿನ ಮೇಲೆ ಕೂತು ಸೀದ ರೊಟ್ಟಿಯ ಕಪ್ಪನ್ನು ಕೆರೆಯುತ್ತಿದ್ದಳು.

"ಅತ್ತೆ," ಎಂದಳು ಅಮ್ಮ, "ಇವಳಿಗೆ ಆ ಒಂಬತ್ತು ವಚನ ಹೆಂಗೆ ಕಲಿಸಿದ್ರಿ?"

"ಹೆಂಗೆ ಅಂದ್ರ? ಅಕ್ಕಿ ತಟ್ಟೀಲಿ. ಬೆರಳು ಹಿಡಿದು ಒಂದೊಂದು ಅಕ್ಷರ ಬರಿಸಿ. ಬರೀದೆ ಈಕೀಗೆ ಒಂದು ಸಾಲೂ ನಿಲ್ತಿರಲಿಲ್ಲ ನೋಡು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀ ಯಾವಾಗ ಕೇಳಿದ್ದಿ? ಬಂದೋರಿಗೆಲ್ಲ ನೀನೇ ಹೇಳ್ತಿದ್ದಿ."

ಅಮ್ಮ ಕೊನೆಯ ಬೀಜ ಹಾಕಿ ಡಬ್ಬದ ಮುಚ್ಚಳ ಒತ್ತಿದಳು.

ಈಚೆಗೆ ತಂಗಿಯ ಮೊಮ್ಮಗಳ ಶಾಲೆಯಿಂದ ಒಂದು ಫಾರಂ ಬಂದಿತ್ತು. ನಿಮ್ಮ ಮಗು ನೋಡಿ ಕಲಿಯುತ್ತದೆಯೋ, ಕೇಳಿ ಕಲಿಯುತ್ತದೆಯೋ, ಮಾಡಿ ಕಲಿಯುತ್ತದೆಯೋ, ಒಂದಕ್ಕೆ ಟಿಕ್ ಹಾಕಿ ಎಂದು. ಪತ್ರಿಕೆಯಲ್ಲಿ ಹಲವು ವರ್ಷ ಶಿಕ್ಷಣದ ಸುದ್ದಿ ನೋಡಿಕೊಂಡವಳು ನಾನು. ಮಕ್ಕಳನ್ನು ಹೀಗೆ ಗುರುತಿಸಿ ಕಲಿಸಬೇಕು ಎನ್ನುವವರನ್ನೂ ಕೇಳಿದ್ದೇನೆ, ಹೀಗೆ ಪಂಗಡ ಮಾಡುವುದೇ ತಪ್ಪು ಎನ್ನುವವರನ್ನೂ ಕೇಳಿದ್ದೇನೆ. ಎರಡನ್ನೂ ವರದಿ ಮಾಡಿದ್ದೇನೆ. ನನ್ನ ಹತ್ತಿರ ಇರುವುದು ನಮ್ಮ ನಡುಮನೆಯ ಸಾಕ್ಷ್ಯ ಮಾತ್ರ. ಶಾಲೆ ಕೈಬಿಟ್ಟ ಮಂಜುಳಾಳನ್ನು ಅಮ್ಮನ ಕೈ ಚಾಪೆ ಉಳಿಸಿತು. ಅದೇ ಚಾಪೆ ಅವಳಿಗೆ ದಡ್ಡಿ ಎಂಬ ಹೆಸರನ್ನೂ ಕೊಟ್ಟಿತು. ತಂಗಿಗೆ ಇಷ್ಟೇ ಹೇಳಿದೆ: ಟಿಕ್ ಹಾಕುವುದಾದರೆ ಪೆನ್ಸಿಲಿನಲ್ಲಿ ಹಾಕು.

ಇದನ್ನು ಬರೆಯುವ ಮೊದಲು ಮಂಜುಳಾಗೆ ಫೋನ್ ಮಾಡಿದೆ. ಅವಳು ಹೆಗ್ಗನಹಳ್ಳಿಯಲ್ಲೇ ಇದ್ದಾಳೆ, ಗಂಡನ ಜೊತೆ ಮನೆ ಕಟ್ಟಿಸುವ ಗುತ್ತಿಗೆ ಮಾಡುತ್ತಾಳೆ. ಸೈಟನ್ನು ಒಮ್ಮೆ ಹೆಜ್ಜೆಯಲ್ಲಿ ನಡೆದರೆ ಅಳತೆ ಹೇಳುತ್ತಾಳೆ, ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಆ ಸಂಜೆಯ ಬಗ್ಗೆ ಕೇಳಿದಾಗ ಅವಳ ನೆನಪು ಸ್ವಲ್ಪ ಬೇರೆ ಇತ್ತು.

"ಜೋಳದ ಹಿಟ್ಟಲ್ಲ ಕಣೇ ಅದು, ರಂಗೋಲಿ ಪುಡಿ."

"ಹಿಟ್ಟೇ. ಅಜ್ಜಿ ಜರಡಿ ಹಿಡಿದಿದ್ರು."

"ನಿಂಗೆ ಜ್ಞಾಪಕ ಇರಲ್ಲ ಬುಡು. ಆವತ್ತಿನ್ನೂ ನೀನು ಬರ್ಕೊಳ್ಳೋಕೆ ಶುರು ಮಾಡಿರ್ಲಿಲ್ಲ."

ಆಕೆಯ ಆಕ್ಷೇಪವನ್ನು ಇಲ್ಲಿ ದಾಖಲಿಸಿದ್ದೇನೆ. ಮರುದಿನದ ಸಂಗತಿಯಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ, ಏಕೆಂದರೆ ಅದು ಬರಹದಲ್ಲಿದೆ.

ಮರುದಿನ ಸಂಜೆ ಐದಕ್ಕೆ ಅಮ್ಮ ಚಾಪೆಗಳನ್ನು ಹಾಸಿದಳು, ಆದರೆ ಒಂದರ ಅಂಚು ಇನ್ನೊಂದಕ್ಕೆ ಸೇರಿಸಿ, ನಡುವೆ ಒಂದೇ ಹಾಸು ಮಾಡಿ. ಬೀಜದ ಡಬ್ಬ, ಬಳಪ, ಕಡ್ಡಿ ಎಲ್ಲ ಮಧ್ಯದಲ್ಲಿ. ಯಾರಿಗೆ ಏನು ಬೇಕೋ ತೆಗೆದುಕೊಳ್ಳಿ ಎಂದಳು. ಮಕ್ಕಳು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದರು. ನಾನು ಹಿತ್ತಲ ಬಾಗಿಲಿನ ಕಡೆ ಹೆಜ್ಜೆ ಇಟ್ಟೆ. ಅಲ್ಲಿಗೇ ಕಳಿಸುತ್ತಾಳೆ ಎಂದುಕೊಂಡಿದ್ದೆ.

"ಎಲ್ಲಿಗೆ ಹೋಗ್ತಿದೀಯ? ಇಲ್ಲಿ ಬಾ."

ಅವಳು ಹೊಸಿಲಿನ ಒಳಗೆ, ಸ್ಟವ್ ಮುಂದೆ ಕೂತಿದ್ದಳು. ನನ್ನ ಹಳೆಯ ಜಾಗ ತೋರಿಸಿದಳು. ಅಲ್ಲಿ ಇನ್ನೂರು ಪುಟದ ಒಂದು ಹೊಸ ನೋಟುಬುಕ್ಕು, ಕೆತ್ತಿದ ಪೆನ್ಸಿಲ್ ಇತ್ತು.

"ಇನ್ಮೇಲೆ ಇಲ್ಲೇ ಕೂತ್ಕೊ. ನಾನು ಹೇಳಿದ್ದನ್ನ ಬರ್ಕೊಂಡು ಆಮೇಲೆ ಉತ್ತರ ಹೇಳು. ಎಷ್ಟು ಹೊತ್ತಾದ್ರೂ ಆಗ್ಲಿ. ನಾನು ತಪ್ಪು ಹೇಳಿದ್ರೆ ಅದನ್ನೂ ಬರಿ."

"ಏನು ಬರೀಲಿ ಈಗ?"

ಅಮ್ಮ ಒಂದು ಉಂಡೆ ಹಿಟ್ಟು ತೆಗೆದುಕೊಂಡು ಹಲಗೆಯ ಮೇಲಿಟ್ಟಳು. ತಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ, ಉಕ್ತಲೇಖನ ಕೊಡುವ ಸ್ವರದಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಆ ನೋಟುಬುಕ್ಕು ನನ್ನ ಹತ್ತಿರ ಇದೆ. ಮೊದಲ ಸಾಲು ಹೀಗಿದೆ: *ಶೈಲಜಳನ್ನು ಆರು ವರ್ಷ ತಪ್ಪು ಚಾಪೆಯಲ್ಲಿ ಕೂರಿಸಿದ್ದೆ. ಅವಳ ತಪ್ಪಲ್ಲ, ನನ್ನದು.*

ಮೂವತ್ತು ವರ್ಷ ಪತ್ರಿಕೆಯಲ್ಲಿ ತಿದ್ದುಪಡಿಗಳನ್ನು ಬರೆದಿದ್ದೇನೆ, ಬರೆಸಿದ್ದೇನೆ. ಇಷ್ಟು ನೇರವಾದದ್ದು ಇನ್ನೊಂದಿಲ್ಲ. ಆ ಮಾರ್ಚಿನಲ್ಲಿ ಗಣಿತದಲ್ಲಿ ನನಗೆ ನಲವತ್ತೆಂಟು ಬಂತು, ಹೈಸ್ಕೂಲಿಗೆ ಅಷ್ಟು ಸಾಕಾಗಿತ್ತು. ಆದರೆ ಆ ಸಂಜೆ ಪರೀಕ್ಷೆ ಇನ್ನೂ ದೂರವಿತ್ತು. ನಾನು ಬರೆದು ಮುಗಿಸಿ ತಲೆ ಎತ್ತಿದಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು, ಪ್ರಶ್ನೆ ಹಾಕುವ ಮೊದಲು ನೋಡುತ್ತಿದ್ದ ಹಾಗೆ.

"ನಂದು ಬರ್ದಾಯ್ತಲ್ಲ," ಎಂದಳು. "ಈಗ ನಿಂದು ಬರಿ."

ನನಗೆ ಯಾವುದು ಎಂದು ಗೊತ್ತಿತ್ತು. ಬರೆದೆ. ಎರಡನೇ ಸಾಲು ಮೊದಲನೆಯದಕ್ಕಿಂತ ಚಿಕ್ಕದು, ಅಕ್ಷರ ಒತ್ತಿ ಬರೆದು ಹಾಳೆಯ ಹಿಂಬದಿಗೂ ಅಚ್ಚಾಗಿದೆ: *ಹಿಟ್ಟಿನಲ್ಲಿ ಬರೆದದ್ದು ಮಂಜುಳಾ ಅಲ್ಲ, ನಾನು. ದಡ್ಡರ ಚಾಪೆ ಎಂದದ್ದೂ ನಾನು.*

ಅಮ್ಮ ಅದನ್ನು ಓದಲಿಲ್ಲ. "ಮಂಜುಳಾಗೆ ಕೊಡು, ಸರಿ ಇದ್ಯಾ ನೋಡ್ಲಿ," ಎಂದಳು. ಮಂಜುಳಾ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಓದುವ ರೀತಿಯಲ್ಲೇ, ಪ್ರತಿ ಅಕ್ಷರದ ಕೆಳಗೂ ಬೆರಳು ಸರಿಸುತ್ತಾ ಓದಿದಳು. ಎರಡನೇ ಸಲವೂ ಓದಿದಳು. ಅಷ್ಟರಲ್ಲಿ ಮೊದಲ ರೊಟ್ಟಿ ಹಂಚಿನಿಂದ ಇಳಿದಿತ್ತು. ಅಮ್ಮ ಅದನ್ನು ಹರಿಯದೆ, ಇಡಿಯಾಗಿ ನನ್ನ ಕೈಗೆ ಕೊಟ್ಟು, ಆ ಕಡೆ ದಾಟಿಸು ಎಂದು ಗದ್ದದಲ್ಲೇ ಸನ್ನೆ ಮಾಡಿದಳು. ಬೆರಳು ಸುಡುತ್ತಿತ್ತು. ಮಂಜುಳಾ ರೊಟ್ಟಿ ಇಸಿದುಕೊಂಡು, ನೋಟುಬುಕ್ಕು ನನಗೆ ವಾಪಸು ಕೊಟ್ಟಳು.

"ಸರಿ ಐತೆ ಮಿಸ್," ಎಂದಳು.